ಉಲ್ಲೇಖಗಳ ಲೆಕ್ಕ: ರಸಾಯನಶಾಸ್ತ್ರ ಸಂಶೋಧಕರ ಕೆಲಸವನ್ನು ಅಳೆಯುವ ಮೊದಲ ಪಾಠ

‘ಜಗತ್ತಿನ ಶೇ 2ರಷ್ಟು ಅಗ್ರ ವಿಜ್ಞಾನಿಗಳ ಪಟ್ಟಿಯಲ್ಲಿ ನಮ್ಮ ಜಿಲ್ಲೆಯ ರಸಾಯನಶಾಸ್ತ್ರ ಪ್ರಾಧ್ಯಾಪಕರು’ ಎಂಬಂಥ ಸುದ್ದಿಯನ್ನು ನೀವು ಪತ್ರಿಕೆಯ ಒಳಪುಟದಲ್ಲಿ ಓದಿರಬಹುದು. ಅದರ ಕೆಳಗೆ ಅವರು ಪ್ರಕಟಿಸಿದ ಪ್ರಬಂಧಗಳ ಸಂಖ್ಯೆ, ಅವುಗಳಿಗೆ ಸಿಕ್ಕ ಉಲ್ಲೇಖಗಳ ಸಂಖ್ಯೆ, ‘ಎಚ್-ಇಂಡೆಕ್ಸ್’ ಎಂಬ ಮತ್ತೊಂದು ಸಂಖ್ಯೆ, ಹೀಗೆ ಮೂರ್ನಾಲ್ಕು ಅಂಕಿಗಳಿರುತ್ತವೆ. ಓದಿ ಸಂತೋಷವಾಗುತ್ತದೆ. ಆದರೆ ಆ ಅಂಕಿಗಳು ಏನನ್ನು ಎಣಿಸಿ ಬಂದವು, ದೊಡ್ಡವೋ ಸಣ್ಣವೋ ಎಂಬುದು ಹೊಳೆಯದೆ ಪುಟ ತಿರುಗಿಸುತ್ತೇವೆ.

ಆ ಅಂಕಿಗಳನ್ನು ಓದುವುದು ಹೇಗೆಂದು ನಿಮಗೆ ಹೇಳಿಕೊಡುವುದು ಈ ಲೇಖನದ ಉದ್ದೇಶ. ನಿಮಗೆ ರಸಾಯನಶಾಸ್ತ್ರ ಗೊತ್ತಿರಬೇಕಾಗಿಲ್ಲ. ಕೂಡುವುದು, ಭಾಗಿಸುವುದು ಬಂದರೆ ಸಾಕು. ಒಂದೊಂದೇ ಹೆಜ್ಜೆ ಇಡುತ್ತಾ ಹೋಗೋಣ.

ಪ್ರಬಂಧ ಎಂದರೇನು?

ಒಬ್ಬ ಸಂಶೋಧಕಿ ಹೊಸದೊಂದು ವೇಗವರ್ಧಕವನ್ನು ತಯಾರಿಸಿದ್ದಾರೆ ಎಂದುಕೊಳ್ಳಿ. ವೇಗವರ್ಧಕ ಎಂದರೆ ತಾನು ಖರ್ಚಾಗದೆ ರಾಸಾಯನಿಕ ಕ್ರಿಯೆಯ ವೇಗವನ್ನು ಹೆಚ್ಚಿಸುವ ವಸ್ತು. ಅದನ್ನು ಯಾವ ತಾಪಮಾನದಲ್ಲಿ ತಯಾರಿಸಿದರು, ಎಷ್ಟು ಗ್ರಾಂ ಹಾಕಿ ಎಷ್ಟು ಗ್ರಾಂ ಪಡೆದರು, ಸಿಕ್ಕಿದ್ದು ತಾವು ಹೇಳುವ ವಸ್ತುವೇ ಎಂಬುದಕ್ಕೆ ಏನು ಸಾಕ್ಷಿ, ಇಷ್ಟನ್ನೂ ಅವರು ಬರೆದಿಡುತ್ತಾರೆ. ಬೇರೊಂದು ಊರಿನ ಸಂಶೋಧಕರು ಅದನ್ನು ಓದಿ, ತಾವೂ ಮಾಡಿ ನೋಡುವಷ್ಟು ಸ್ಪಷ್ಟವಾಗಿ ಬರೆಯಬೇಕು. ಈ ಬರಹವೇ ಸಂಶೋಧನಾ ಪ್ರಬಂಧ. ಪ್ರಯೋಗಶಾಲೆಗಳಲ್ಲಿ ಎಲ್ಲರೂ ಇದನ್ನು ‘ಪೇಪರ್’ ಎನ್ನುತ್ತಾರೆ.

ಪೇಪರನ್ನು ಒಂದು ಜರ್ನಲ್‌ಗೆ, ಅಂದರೆ ವಿದ್ವತ್ ನಿಯತಕಾಲಿಕಕ್ಕೆ ಕಳಿಸಬೇಕು. ಅಮೆರಿಕನ್ ಕೆಮಿಕಲ್ ಸೊಸೈಟಿ 1879ರಿಂದ ತನ್ನ ಜರ್ನಲ್ ಹೊರತರುತ್ತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ‘ಜರ್ನಲ್ ಆಫ್ ಕೆಮಿಕಲ್ ಸೈನ್ಸಸ್’ ಪ್ರಕಟಿಸುತ್ತದೆ. ಜರ್ನಲ್‌ನ ಸಂಪಾದಕರು ಪೇಪರನ್ನು ಅದೇ ವಿಷಯ ಬಲ್ಲ ಇಬ್ಬರು ಮೂವರು ತಜ್ಞರಿಗೆ ಕಳಿಸುತ್ತಾರೆ. ಅವರು ತಪ್ಪು ಹುಡುಕುತ್ತಾರೆ, ಇನ್ನಷ್ಟು ಸಾಕ್ಷಿ ಕೇಳುತ್ತಾರೆ, ಕೆಲವೊಮ್ಮೆ ಬೇಡವೆನ್ನುತ್ತಾರೆ. ಇದಕ್ಕೆ ಸಹತಜ್ಞರ ಪರಿಶೀಲನೆ ಎಂದು ಹೆಸರು. ಇದನ್ನು ದಾಟಿದ ಪೇಪರ್ ಅಚ್ಚಾಗುತ್ತದೆ.

ಲೇಖಕರ ಹೆಸರುಗಳ ಸಾಲನ್ನೂ ಒಮ್ಮೆ ಗಮನಿಸಿ. ರಸಾಯನಶಾಸ್ತ್ರದಲ್ಲಿ ಸಾಮಾನ್ಯವಾಗಿ ಮೊದಲ ಹೆಸರು ಪ್ರಯೋಗದ ಹೆಚ್ಚಿನ ಭಾಗವನ್ನು ಕೈಯಾರೆ ಮಾಡಿದವರದು. ಬಹುಪಾಲು ಅವರು ಪಿಎಚ್.ಡಿ. ವಿದ್ಯಾರ್ಥಿ. ಕೊನೆಯ ಹೆಸರು ಪ್ರಯೋಗಶಾಲೆಯ ಮುಖ್ಯಸ್ಥರದು, ಅಂದರೆ ಗೈಡ್ ಅವರದು. ಪತ್ರವ್ಯವಹಾರದ ಹೊಣೆ ಹೊತ್ತವರ ಹೆಸರಿನ ಪಕ್ಕದಲ್ಲಿ ನಕ್ಷತ್ರ ಚಿಹ್ನೆ ಇರುತ್ತದೆ. ನಡುವಿನ ಹೆಸರುಗಳು ಅಳತೆ, ಲೆಕ್ಕಾಚಾರ, ಉಪಕರಣಗಳಲ್ಲಿ ನೆರವಾದವರದು. ಒಂದು ಪೇಪರಿನ ಶ್ರೇಯಸ್ಸು ಹೀಗೆ ಹಲವರಿಗೆ ಸೇರಿದ್ದು ಎಂಬುದನ್ನು ಮನಸ್ಸಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಉಲ್ಲೇಖ ಎಂದರೇನು?

ಪ್ರತಿ ಪೇಪರಿನ ಕೊನೆಯಲ್ಲಿ ಒಂದು ಪಟ್ಟಿ ಇರುತ್ತದೆ. ಈ ವಿಧಾನವನ್ನು ಇವರಿಂದ ಪಡೆದೆವು, ಈ ಅಳತೆಯನ್ನು ಅವರು ಮೊದಲು ಮಾಡಿದ್ದರು, ಈ ಊಹೆಯನ್ನು ನಾವು ಒಪ್ಪುವುದಿಲ್ಲ ಎಂದು ಹೇಳುವಾಗ ಆಯಾ ಹಳೆಯ ಪೇಪರನ್ನು ಹೆಸರಿಸುವುದು ವಿಜ್ಞಾನದ ಶಿಸ್ತು. ಹೀಗೆ ಒಂದು ಪೇಪರ್ ಮತ್ತೊಂದನ್ನು ಹೆಸರಿಸುವುದೇ ಉಲ್ಲೇಖ, ಅಂದರೆ ಸೈಟೇಶನ್. ಒಬ್ಬ ಸಂಶೋಧಕ ಇನ್ನೊಬ್ಬರ ಕೆಲಸದಿಂದ ಏನನ್ನೋ ಪಡೆದೆ ಎಂದು ಬಹಿರಂಗವಾಗಿ ದಾಖಲಿಸುವ ಕ್ರಮ ಇದು.

ಒಂದು ನಿಜವಾದ ಪೇಪರನ್ನು ಹತ್ತಿರದಿಂದ ನೋಡೋಣ. 1958ರಲ್ಲಿ ವಿಲಿಯಂ ಹಮ್ಮರ್ಸ್ ಮತ್ತು ರಿಚರ್ಡ್ ಆಫ್‌ಮನ್ ಎಂಬ ಇಬ್ಬರು ಅಮೆರಿಕನ್ ಕೆಮಿಕಲ್ ಸೊಸೈಟಿಯ ಜರ್ನಲ್‌ನಲ್ಲಿ ಒಂದು ಪುಟದಷ್ಟು ಚಿಕ್ಕ ಬರಹ ಪ್ರಕಟಿಸಿದರು. ಪೆನ್ಸಿಲ್ ಕಡ್ಡಿಯಲ್ಲಿರುವ ಗ್ರಾಫೈಟನ್ನು ಗ್ರಾಫೈಟ್ ಆಕ್ಸೈಡ್ ಆಗಿ ಬದಲಾಯಿಸುವ ವಿಧಾನ ಅದರಲ್ಲಿತ್ತು. ಅದಕ್ಕೂ ಮುಂಚೆ ಬಳಕೆಯಲ್ಲಿದ್ದ ವಿಧಾನಕ್ಕೆ ಪೊಟ್ಯಾಸಿಯಂ ಕ್ಲೋರೇಟ್ ಬೇಕಿತ್ತು, ವಾರಕ್ಕೂ ಹೆಚ್ಚು ಕಾಲ ಹಿಡಿಯುತ್ತಿತ್ತು, ಸ್ಫೋಟದ ಅಪಾಯವೂ ಇತ್ತು. ಇವರು ಸಲ್ಫ್ಯೂರಿಕ್ ಆಮ್ಲ, ಸೋಡಿಯಂ ನೈಟ್ರೇಟ್ ಮತ್ತು ಪೊಟ್ಯಾಸಿಯಂ ಪರ್ಮ್ಯಾಂಗನೇಟ್ ಬಳಸಿ, 45 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ತಾಪಮಾನದಲ್ಲಿ, ಎರಡು ಗಂಟೆಯೊಳಗೆ ಕೆಲಸ ಮುಗಿಸುವುದನ್ನು ತೋರಿಸಿದರು.

ದಶಕಗಳ ಕಾಲ ಈ ಬರಹವನ್ನು ಕೆಲವೇ ಮಂದಿ ಉಲ್ಲೇಖಿಸಿದರು. 2004ರಲ್ಲಿ ಆಂದ್ರೆ ಗೈಮ್ ಮತ್ತು ಕಾನ್‌ಸ್ಟಂಟೈನ್ ನೊವೊಸೆಲೊವ್ ಅವರ ತಂಡ ಗ್ರಾಫೀನ್ ಎಂಬ ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆಯನ್ನು ಬೇರ್ಪಡಿಸಿ ತೋರಿಸಿತು. ಅಲ್ಲಿಂದ ಮುಂದೆ ಗ್ರಾಫೀನನ್ನು ಹೆಚ್ಚು ಪ್ರಮಾಣದಲ್ಲಿ ತಯಾರಿಸಲು ಹೊರಟವರಿಗೆಲ್ಲ ಗ್ರಾಫೈಟ್ ಆಕ್ಸೈಡ್ ಬೇಕಾಯಿತು. ಅದು ನೀರಿನಲ್ಲಿ ಪದರಪದರವಾಗಿ ಬಿಡಿಸಿಕೊಳ್ಳುತ್ತದೆ. ಆಮೇಲೆ ಅದರ ಆಮ್ಲಜನಕವನ್ನು ತೆಗೆದರೆ ಗ್ರಾಫೀನ್‌ಗೆ ಹತ್ತಿರದ ವಸ್ತು ಸಿಗುತ್ತದೆ. 1958ರ ಆ ಒಂದು ಪುಟವನ್ನು ಜಗತ್ತಿನ ಮೂಲೆಮೂಲೆಯ ಪ್ರಯೋಗಶಾಲೆಗಳು ಉಲ್ಲೇಖಿಸತೊಡಗಿದವು; ಉಲ್ಲೇಖಗಳ ಸಂಖ್ಯೆ ಸಾವಿರಗಳನ್ನು ದಾಟಿತು. ಹೀಗೆ ಬಹುಕಾಲ ಯಾರ ಕಣ್ಣಿಗೂ ಬೀಳದೆ ಇದ್ದು ಏಕಾಏಕಿ ಎಚ್ಚರಗೊಳ್ಳುವ ಪೇಪರುಗಳನ್ನು ಈ ಕ್ಷೇತ್ರದವರು ‘ನಿದ್ರಾಸುಂದರಿ’ ಎಂದು ಕರೆಯುತ್ತಾರೆ.

ಇದರಿಂದ ನೀವು ಕಲಿಯಬೇಕಾದ ಮೊದಲ ಪಾಠ ಇಷ್ಟು. ಉಲ್ಲೇಖದ ಸಂಖ್ಯೆ ಒಂದು ಪೇಪರು ಎಷ್ಟು ಬಳಕೆಯಾಯಿತು ಎಂಬುದನ್ನು ಹೇಳುತ್ತದೆ. ಅದು ಎಷ್ಟು ಒಳ್ಳೆಯದು ಎಂಬುದನ್ನು ನೇರವಾಗಿ ಹೇಳುವುದಿಲ್ಲ. 1990ರಲ್ಲಿ ಎಣಿಸಿದ್ದರೆ ಹಮ್ಮರ್ಸ್ ಅವರ ಪೇಪರು ಸಾಧಾರಣವೆಂದು ಕಾಣುತ್ತಿತ್ತು. ಪೇಪರಿನ ಒಂದಕ್ಷರವೂ ಬದಲಾಗಿಲ್ಲ. ಅದರ ಅಗತ್ಯ ಬದಲಾಯಿತು.

ಎಣಿಸಲು ಆರಂಭಿಸಿದ್ದು ಯಾರು?

ಎಣಿಸುವ ವ್ಯವಸ್ಥೆಯನ್ನು ಕಟ್ಟಿದವರು ಯೂಜೀನ್ ಗಾರ್ಫೀಲ್ಡ್. ಅವರು ರಸಾಯನಶಾಸ್ತ್ರದ ಪದವೀಧರರು. ರಾಸಾಯನಿಕ ಹೆಸರುಗಳಿಂದ ಅಣುಸೂತ್ರ ಕಂಡುಹಿಡಿಯುವ ಕ್ರಮವಿಧಾನದ ಮೇಲೆ 1961ರಲ್ಲಿ ಪಿಎಚ್.ಡಿ. ಪಡೆದವರು. ಅಮೆರಿಕದ ವಕೀಲರಿಗಾಗಿ 1873ರಿಂದ ಒಂದು ಪಟ್ಟಿ ಪ್ರಕಟವಾಗುತ್ತಿತ್ತು. ಯಾವ ಹಳೆಯ ತೀರ್ಪನ್ನು ಯಾವ ಹೊಸ ತೀರ್ಪು ಉಲ್ಲೇಖಿಸಿದೆ ಎಂಬುದನ್ನು ಅದರಲ್ಲಿ ನೋಡಬಹುದಿತ್ತು. ವಿಜ್ಞಾನಕ್ಕೂ ಇಂಥದೊಂದು ಪಟ್ಟಿ ಬೇಕೆಂದು ಗಾರ್ಫೀಲ್ಡ್ 1955ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. 1960ರ ದಶಕದಲ್ಲಿ ಫಿಲಡೆಲ್ಫಿಯಾದ ಅವರ ಸಂಸ್ಥೆ ‘ಸೈನ್ಸ್ ಸೈಟೇಶನ್ ಇಂಡೆಕ್ಸ್’ ಪ್ರಕಟಿಸತೊಡಗಿತು.

ಅದರ ಮೂಲ ಉದ್ದೇಶ ಮನುಷ್ಯರಿಗೆ ಅಂಕ ಕೊಡುವುದಾಗಿರಲಿಲ್ಲ. ಹಳೆಯ ಪೇಪರೊಂದನ್ನು ಕೈಯಲ್ಲಿ ಹಿಡಿದವರು ಅದರ ನಂತರ ಆ ವಿಷಯದಲ್ಲಿ ಏನೇನು ನಡೆಯಿತು, ಯಾರಾದರೂ ಅದನ್ನು ತಪ್ಪೆಂದು ತೋರಿಸಿದರೇ ಎಂಬುದನ್ನು ಹುಡುಕಲು ಅದು ಬೇಕಿತ್ತು. ಪೇಪರಿನ ಕೊನೆಯ ಪಟ್ಟಿ ನಿಮ್ಮನ್ನು ಹಿಂದಕ್ಕೆ ಕರೆದೊಯ್ಯುತ್ತದೆ. ಈ ಸೂಚಿ ಮುಂದಕ್ಕೆ ಕರೆದೊಯ್ಯುತ್ತದೆ.

ಇಂದು ಎಣಿಕೆ ಕೊಡುವ ಮುಖ್ಯ ಆಕರಗಳು ಮೂರು. ಗಾರ್ಫೀಲ್ಡ್ ಅವರ ಸೂಚಿಯಿಂದ ಬೆಳೆದ ‘ವೆಬ್ ಆಫ್ ಸೈನ್ಸ್’ ಆಯ್ದ ಜರ್ನಲ್‌ಗಳನ್ನು ಮಾತ್ರ ಎಣಿಸುತ್ತದೆ. 2004ರಲ್ಲಿ ಬಂದ ‘ಸ್ಕೋಪಸ್’ ಕೂಡ ಆಯ್ದ ಜರ್ನಲ್‌ಗಳದ್ದೇ, ಆದರೆ ವ್ಯಾಪ್ತಿ ತುಸು ಹೆಚ್ಚು. ಅದೇ ವರ್ಷ ಬಂದ ‘ಗೂಗಲ್ ಸ್ಕಾಲರ್’ ಪುಸ್ತಕ, ಪಿಎಚ್.ಡಿ. ಪ್ರಬಂಧ, ಜಾಲತಾಣದಲ್ಲಿ ಸಿಗುವ ವರದಿ ಎಲ್ಲವನ್ನೂ ಸೇರಿಸಿಕೊಳ್ಳುತ್ತದೆ. ಆದ್ದರಿಂದ ಒಬ್ಬರೇ ಸಂಶೋಧಕರಿಗೆ ಮೂರು ಕಡೆ ಮೂರು ಸಂಖ್ಯೆ ಸಿಗುತ್ತದೆ. ಸಾಮಾನ್ಯವಾಗಿ ಗೂಗಲ್ ಸ್ಕಾಲರ್‌ನದು ಎಲ್ಲಕ್ಕಿಂತ ದೊಡ್ಡದು. ಯಾವ ಆಕರ, ಯಾವ ದಿನಾಂಕ ಎಂದು ಹೇಳದ ಸಂಖ್ಯೆ ಅರ್ಧ ಸಂಖ್ಯೆ ಎಂದು ತಿಳಿಯಿರಿ.

ಎಚ್-ಇಂಡೆಕ್ಸ್: ಕೈಯಾರೆ ಲೆಕ್ಕ

ಈಗ ಕಾಗದ, ಪೆನ್ಸಿಲ್ ತೆಗೆದುಕೊಳ್ಳಿ. ನಮ್ಮ ಕಲ್ಪನೆಯ ಸಂಶೋಧಕಿ ಹತ್ತು ಪೇಪರ್ ಪ್ರಕಟಿಸಿದ್ದಾರೆ ಎನ್ನೋಣ. ಪ್ರತಿಯೊಂದಕ್ಕೆ ಸಿಕ್ಕ ಉಲ್ಲೇಖಗಳನ್ನು ದೊಡ್ಡದರಿಂದ ಸಣ್ಣದಕ್ಕೆ ಸಾಲಾಗಿ ಬರೆಯಿರಿ: 90, 41, 23, 15, 9, 7, 6, 3, 1, 0.

ಎಲ್ಲವನ್ನೂ ಕೂಡಿದರೆ 195. ಇದು ಒಟ್ಟು ಉಲ್ಲೇಖ. ಹತ್ತರಿಂದ ಭಾಗಿಸಿದರೆ 19.5. ಇದು ಪೇಪರೊಂದಕ್ಕೆ ಸರಾಸರಿ. ಆದರೆ ಈ ಸರಾಸರಿಯನ್ನು ಮುಟ್ಟಿದ ಪೇಪರುಗಳು ಮೂರೇ ಎಂಬುದನ್ನು ಗಮನಿಸಿ. ಒಂದೇ ಒಂದು ದೊಡ್ಡ ಸಂಖ್ಯೆ ಸರಾಸರಿಯನ್ನು ಮೇಲಕ್ಕೆ ಎಳೆದಿದೆ.

ಈ ತೊಡಕನ್ನು ನೀಗಲು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯೇಗೊ ಕೇಂದ್ರದ ಭೌತಶಾಸ್ತ್ರಜ್ಞ ಹೊರ್ಹೆ ಹಿರ್ಶ್ 2005ರಲ್ಲಿ ಒಂದು ಸರಳ ಅಳತೆ ಸೂಚಿಸಿದರು. ಸಾಲಿನ ಪ್ರತಿ ಸಂಖ್ಯೆಯ ಕೆಳಗೆ ಅದರ ಕ್ರಮಾಂಕ ಬರೆಯಿರಿ. ಒಂದನೆಯದು 90, ಎರಡನೆಯದು 41, ಮೂರನೆಯದು 23, ನಾಲ್ಕನೆಯದು 15, ಐದನೆಯದು 9, ಆರನೆಯದು 7. ಇಲ್ಲಿಯವರೆಗೆ ಉಲ್ಲೇಖದ ಸಂಖ್ಯೆ ಕ್ರಮಾಂಕಕ್ಕಿಂತ ದೊಡ್ಡದಾಗಿದೆ. ಏಳನೆಯದಕ್ಕೆ ಬಂದಾಗ ಉಲ್ಲೇಖ 6; ಕ್ರಮಾಂಕಕ್ಕಿಂತ ಕಡಿಮೆ. ಅಲ್ಲಿಗೆ ನಿಲ್ಲಿಸಿ. ಇವರ ಎಚ್-ಇಂಡೆಕ್ಸ್ 6. ಅಂದರೆ ಕನಿಷ್ಠ ಆರು ಉಲ್ಲೇಖಗಳನ್ನಾದರೂ ಪಡೆದ ಆರು ಪೇಪರುಗಳು ಇವರ ಬಳಿ ಇವೆ.

ಇನ್ನೆರಡು ಪ್ರಯೋಗ ಮಾಡಿ ನೋಡಿ. ಮೊದಲನೆಯದು: 90ರ ಜಾಗದಲ್ಲಿ 9,000 ಬರೆಯಿರಿ. ಸರಾಸರಿ 910.5ಕ್ಕೆ ಜಿಗಿಯುತ್ತದೆ, ಎಚ್-ಇಂಡೆಕ್ಸ್ ಮಾತ್ರ 6ರಲ್ಲೇ ಇರುತ್ತದೆ. ಒಂದೇ ಪೇಪರಿನ ಭಾರಕ್ಕೆ ಅದು ಬಗ್ಗುವುದಿಲ್ಲ. ಎರಡನೆಯದು: ಮೂಲ ಸಾಲಿನಲ್ಲಿ ಎಚ್-ಇಂಡೆಕ್ಸನ್ನು 7ಕ್ಕೆ ಏರಿಸಲು ಏಳನೆಯ ಪೇಪರಿಗೆ ಇನ್ನೊಂದೇ ಉಲ್ಲೇಖ ಸಾಕು. ಆದರೆ ಅದನ್ನು 8ಕ್ಕೆ ಒಯ್ಯಲು ಆರನೆಯದಕ್ಕೆ 1, ಏಳನೆಯದಕ್ಕೆ 2, ಎಂಟನೆಯದಕ್ಕೆ 5, ಹೀಗೆ ಸರಿಯಾದ ಜಾಗಗಳಲ್ಲೇ ಒಟ್ಟು 8 ಉಲ್ಲೇಖ ಬೇಕು. ಮೇಲೆ ಹೋದಷ್ಟೂ ಪ್ರತಿ ಮೆಟ್ಟಿಲೂ ಎತ್ತರವಾಗುತ್ತದೆ.

ಗೂಗಲ್ ಸ್ಕಾಲರ್‌ನಲ್ಲಿ ‘ಐ10-ಇಂಡೆಕ್ಸ್’ ಎಂಬ ಇನ್ನೊಂದು ಸಂಖ್ಯೆ ಕಾಣುತ್ತದೆ. ಹತ್ತು ಅಥವಾ ಹೆಚ್ಚು ಉಲ್ಲೇಖ ಪಡೆದ ಪೇಪರುಗಳ ಸಂಖ್ಯೆ ಅದು. ನಮ್ಮ ಉದಾಹರಣೆಯಲ್ಲಿ 4.

ಒಂದು ನಿಜವಾದ ವೃತ್ತಿಜೀವನ

ಬೆಂಗಳೂರಿನಲ್ಲಿ 1934ರಲ್ಲಿ ಹುಟ್ಟಿದ ಸಿ.ಎನ್.ಆರ್. ರಾವ್ ಅವರನ್ನು ತೆಗೆದುಕೊಳ್ಳೋಣ. ಮೈಸೂರು ವಿಶ್ವವಿದ್ಯಾಲಯದ ಬಿ.ಎಸ್ಸಿ., ಬನಾರಸ್‌ನ ಎಂ.ಎಸ್ಸಿ., ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಪಿಎಚ್.ಡಿ. ಮುಗಿಸಿ 1959ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ನಂತರ ಐಐಟಿ ಕಾನ್ಪುರ. 1976ರಲ್ಲಿ ಮತ್ತೆ ಬೆಂಗಳೂರು. 1984ರಿಂದ 1994ರವರೆಗೆ ವಿಜ್ಞಾನ ಸಂಸ್ಥೆಯ ನಿರ್ದೇಶಕರು. ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವನ್ನು ಕಟ್ಟಿದವರೂ ಅವರೇ. ಅವರ ಪೇಪರುಗಳು 1,500ಕ್ಕೂ ಹೆಚ್ಚು. ಅವರ ಎಚ್-ಇಂಡೆಕ್ಸ್ 100 ಮುಟ್ಟಿದ್ದು 2013ರಲ್ಲಿ ಸುದ್ದಿಯಾಯಿತು. ಅದೇ ವರ್ಷ ಅವರಿಗೆ ಭಾರತರತ್ನ ಘೋಷಣೆಯಾಯಿತು.

ಈಗ ನೀವೇ ಈ ಸಂಖ್ಯೆಯನ್ನು ಓದಬಲ್ಲಿರಿ. ಎಚ್-ಇಂಡೆಕ್ಸ್ 100 ಎಂದರೆ ಕನಿಷ್ಠ ನೂರು ಉಲ್ಲೇಖ ಪಡೆದ ನೂರು ಪೇಪರುಗಳು. ಉಳಿದ 1,400 ಪೇಪರುಗಳ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಆ ನೂರರೊಳಗೆ ಏನಿದೆ ಎಂಬುದನ್ನೂ ಹೇಳುವುದಿಲ್ಲ. ತಿಳಿಯಬೇಕಾದರೆ ಒಳಗೆ ನೋಡಬೇಕು. ಅವರ ಆರಂಭದ ಕೆಲಸ ರೋಹಿತಶಾಸ್ತ್ರದಲ್ಲಿ, ಅಂದರೆ ವಸ್ತುವಿನ ಮೇಲೆ ಬೆಳಕು ಹಾಯಿಸಿ ಅದರ ಅಣುರಚನೆ ತಿಳಿಯುವ ವಿದ್ಯೆಯಲ್ಲಿ. ಆಮೇಲೆ ಲೋಹಗಳ ಆಕ್ಸೈಡ್‌ಗಳು. 1986–87ರಲ್ಲಿ ತಾಮ್ರದ ಆಕ್ಸೈಡ್‌ಗಳಲ್ಲಿ ಅತಿವಾಹಕತೆ, ಅಂದರೆ ವಿದ್ಯುತ್ ತಡೆಯಿಲ್ಲದೆ ಹರಿಯುವ ಗುಣ, ಕಂಡುಬಂದು ಜಗತ್ತೆಲ್ಲ ಅದರ ಹಿಂದೆ ಬಿದ್ದಾಗ ಅವರ ತಂಡಕ್ಕೆ ಆ ಆಕ್ಸೈಡ್‌ಗಳು ಹೊಸವಾಗಿರಲಿಲ್ಲ. ಮುಂಚಿನಿಂದಲೂ ಅವುಗಳ ಮೇಲೆ ಕೆಲಸ ಮಾಡುತ್ತಿತ್ತು. ನಂತರ ನ್ಯಾನೊ ಕೊಳವೆಗಳು, ಗ್ರಾಫೀನ್. 2009ರಲ್ಲಿ ಎ.ಕೆ. ಸೂದ್ ಮೊದಲಾದವರ ಜೊತೆ ಬರೆದ ಗ್ರಾಫೀನ್ ಕುರಿತ ಬರಹ ಬಹಳಷ್ಟು ಉಲ್ಲೇಖ ಪಡೆದಿದೆ. ಅದೊಂದು ಸಮೀಕ್ಷಾ ಪ್ರಬಂಧ. ಒಂದು ವಿಷಯದಲ್ಲಿ ಅಲ್ಲಿಯವರೆಗೆ ನಡೆದದ್ದನ್ನು ಒಟ್ಟುಗೂಡಿಸಿ ವಿವರಿಸುವ ಬರಹ. ಹೊಸದಾಗಿ ಬಂದವರೆಲ್ಲ ಅದನ್ನೇ ಮೊದಲು ಓದುವುದರಿಂದ ಸಮೀಕ್ಷೆಗಳಿಗೆ ಉಲ್ಲೇಖ ಹೆಚ್ಚು.

ಜರ್ನಲ್‌ನ ಅಳತೆ ವ್ಯಕ್ತಿಯ ಅಳತೆಯಾಗದು

ನಿಮಗೆ ‘ಇಂಪ್ಯಾಕ್ಟ್ ಫ್ಯಾಕ್ಟರ್’ ಎಂಬ ಪದವೂ ಎದುರಾಗುತ್ತದೆ. ಇದು ಜರ್ನಲ್‌ಗೆ ಸಂಬಂಧಿಸಿದ ಸರಾಸರಿ. ಒಂದು ಜರ್ನಲ್ ಹಿಂದಿನ ಎರಡು ವರ್ಷಗಳಲ್ಲಿ ಪ್ರಕಟಿಸಿದ ಪೇಪರುಗಳಿಗೆ ಈ ವರ್ಷ ಎಷ್ಟು ಉಲ್ಲೇಖ ಬಂತೋ ಅದನ್ನು ಆ ಪೇಪರುಗಳ ಸಂಖ್ಯೆಯಿಂದ ಭಾಗಿಸುತ್ತಾರೆ. ಯಾವ ಜರ್ನಲ್‌ಗೆ ಚಂದಾ ಕಟ್ಟಬೇಕೆಂದು ನಿರ್ಧರಿಸುವ ಗ್ರಂಥಪಾಲಕರಿಗೆ ಇದು ನೆರವಾಗುತ್ತದೆ.

ಇದನ್ನು ವ್ಯಕ್ತಿಗೆ ಅನ್ವಯಿಸಿದರೆ ಏನಾಗುತ್ತದೆ ಎಂಬುದಕ್ಕೆ ಹರಳುವಿಜ್ಞಾನದಲ್ಲಿ ಒಂದು ಪ್ರಸಿದ್ಧ ಪ್ರಸಂಗವಿದೆ. ಹರಳಿನ ಮೇಲೆ ಕ್ಷ-ಕಿರಣ ಹಾಯಿಸಿ ಅಣುವಿನ ರಚನೆ ಕಂಡುಹಿಡಿಯುವವರು ‘ಶೆಲ್‌ಎಕ್ಸ್’ ಎಂಬ ಕಂಪ್ಯೂಟರ್ ಪ್ರೋಗ್ರಾಂ ಬಳಸುತ್ತಾರೆ. ಅದನ್ನು ಬರೆದ ಜಾರ್ಜ್ ಶೆಲ್ಡ್ರಿಕ್ 2008ರಲ್ಲಿ ಅದರ ಚರಿತ್ರೆಯನ್ನು ‘ಆಕ್ಟಾ ಕ್ರಿಸ್ಟಲೊಗ್ರಾಫಿಕಾ ಎ’ ಜರ್ನಲ್‌ನಲ್ಲಿ ಪ್ರಕಟಿಸಿ, ಪ್ರೋಗ್ರಾಂ ಬಳಸಿದವರು ಈ ಬರಹವನ್ನು ಉಲ್ಲೇಖಿಸಬಹುದೆಂದು ಸೂಚಿಸಿದರು. ಸಾವಿರಾರು ಮಂದಿ ಉಲ್ಲೇಖಿಸಿದರು. ಸುಮಾರು 2 ಇದ್ದ ಆ ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್ 2009ರಲ್ಲಿ 49.926 ಆಯಿತು! 2008ರ ಪೇಪರು ಎರಡು ವರ್ಷದ ಲೆಕ್ಕದಿಂದ ಹೊರಬಿದ್ದೊಡನೆ, 2011ರಲ್ಲಿ, ಮತ್ತೆ 2ರ ಆಸುಪಾಸಿಗೆ ಇಳಿಯಿತು. 2008ರಲ್ಲಿ ಅದೇ ಜರ್ನಲ್‌ನಲ್ಲಿ ಬರೆದ ಇತರರ ಕೆಲಸ ಇದರಿಂದ ಇಪ್ಪತ್ತೈದು ಪಟ್ಟು ಉತ್ತಮವಾಯಿತೇ? ಇಲ್ಲ. ಜರ್ನಲ್‌ನ ಸರಾಸರಿಯನ್ನು ಅದರಲ್ಲಿ ಬರೆದ ವ್ಯಕ್ತಿಯ ಅಳತೆಯಾಗಿ ಬಳಸಬಾರದು ಎನ್ನಲು ಈ ಒಂದು ಪ್ರಸಂಗ ಸಾಕು.

ಸಂಖ್ಯೆ ಮರೆಮಾಡುವ ಸಂಗತಿಗಳು

ಮೊದಲನೆಯದು ಕ್ಷೇತ್ರ. ವಸ್ತುವಿಜ್ಞಾನದಲ್ಲಿ ಸಂಶೋಧಕರು ಬಹಳ, ಪೇಪರುಗಳು ಬೇಗ ಬರುತ್ತವೆ, ಉಲ್ಲೇಖವೂ ಬೇಗ ಏರುತ್ತದೆ. ಒಂದು ಸಂಕೀರ್ಣ ನೈಸರ್ಗಿಕ ಅಣುವನ್ನು ಹಂತಹಂತವಾಗಿ ಕಟ್ಟುವ ಸಾವಯವ ರಸಾಯನಶಾಸ್ತ್ರಜ್ಞರಿಗೆ ಒಂದು ಪೇಪರಿಗೇ ಹಲವು ವರ್ಷ ಹಿಡಿಯಬಹುದು. ಇಬ್ಬರನ್ನೂ ಒಂದೇ ಸಂಖ್ಯೆಯಿಂದ ಹೋಲಿಸುವುದು ಅಡಿಕೆ ತೋಟದ ಇಳುವರಿಯನ್ನೂ ರಾಗಿ ಹೊಲದ ಇಳುವರಿಯನ್ನೂ ಬರೀ ಕ್ವಿಂಟಲ್‌ನಲ್ಲಿ ಹೋಲಿಸಿದಂತೆ. ಇದಕ್ಕೆ ಪರಿಹಾರವಾಗಿ, ಒಂದು ಪೇಪರಿನ ಉಲ್ಲೇಖವನ್ನು ಅದೇ ಕ್ಷೇತ್ರದ, ಅದೇ ವರ್ಷದ ಪೇಪರುಗಳ ಜಾಗತಿಕ ಸರಾಸರಿಯಿಂದ ಭಾಗಿಸುವ ಕ್ರಮವಿದೆ. ಉತ್ತರ 1 ಬಂದರೆ ಸರಾಸರಿಯಷ್ಟೇ; 1.5 ಬಂದರೆ ಅದಕ್ಕಿಂತ ಅರ್ಧಪಟ್ಟು ಹೆಚ್ಚು.

ಎರಡನೆಯದು ವಯಸ್ಸು. ಎಚ್-ಇಂಡೆಕ್ಸ್ ಎಂದೂ ಇಳಿಯುವುದಿಲ್ಲ. ನಿವೃತ್ತರಾದ ಮೇಲೂ ಏರುತ್ತಲೇ ಇರುತ್ತದೆ. ಆದ್ದರಿಂದ ಕಿರಿಯರನ್ನು ಹಿರಿಯರ ಜೊತೆ ಹೋಲಿಸುವಂತಿಲ್ಲ. ಮೊದಲ ಪೇಪರು ಬಂದಂದಿನಿಂದ ಎಷ್ಟು ವರ್ಷವಾಯಿತೋ ಅದರಿಂದ ಎಚ್-ಇಂಡೆಕ್ಸನ್ನು ಭಾಗಿಸಿ ನೋಡಬಹುದೆಂದು ಹಿರ್ಶ್ ಅವರೇ ಹೇಳಿದ್ದರು.

ಮೂರನೆಯದು ಪಾಲು. ಹನ್ನೆರಡು ಜನ ಬರೆದ ಪೇಪರಿನ ಪೂರ್ತಿ ಉಲ್ಲೇಖ ಹನ್ನೆರಡೂ ಜನರ ಖಾತೆಗೆ ಜಮೆಯಾಗುತ್ತದೆ. ಕೈಯಾರೆ ಪ್ರಯೋಗ ಮಾಡಿದವರಿಗೂ ಒಂದು ಅಳತೆ ತೆಗೆದುಕೊಟ್ಟವರಿಗೂ ಎಚ್-ಇಂಡೆಕ್ಸ್‌ನಲ್ಲಿ ವ್ಯತ್ಯಾಸವಿಲ್ಲ. ತಮ್ಮದೇ ಹಳೆಯ ಪೇಪರುಗಳನ್ನು ತಾವೇ ಉಲ್ಲೇಖಿಸಿಕೊಳ್ಳುವುದೂ ಇದೆ. ಕೆಲಸ ಮುಂದುವರಿದಾಗ ಅದು ಸಹಜ. ಅತಿಯಾದಾಗ ಸಂಖ್ಯೆ ಉಬ್ಬುತ್ತದೆ.

ನಾಲ್ಕನೆಯದು ಉಲ್ಲೇಖದ ಕಾರಣ. 1951ರಲ್ಲಿ ಆಲಿವರ್ ಲೌರಿ ಮತ್ತು ಸಂಗಡಿಗರು ದ್ರಾವಣದಲ್ಲಿ ಪ್ರೊಟೀನ್ ಎಷ್ಟಿದೆ ಎಂದು ಅಳೆಯುವ ವಿಧಾನ ಪ್ರಕಟಿಸಿದರು. ‘ನೇಚರ್’ ಪತ್ರಿಕೆ 2014ರಲ್ಲಿ ಲೆಕ್ಕ ಹಾಕಿದಾಗ ಅದಕ್ಕೆ 3 ಲಕ್ಷಕ್ಕೂ ಹೆಚ್ಚು ಉಲ್ಲೇಖಗಳಿದ್ದವು. ವಿಜ್ಞಾನದ ಇತಿಹಾಸದಲ್ಲೇ ಅತಿ ಹೆಚ್ಚು. ಅದು ತಮ್ಮ ಶ್ರೇಷ್ಠ ಪೇಪರಲ್ಲ ಎಂದು ಲೌರಿ ಅವರೇ ಹೇಳಿದ್ದರು. ಎಲ್ಲರಿಗೂ ಬೇಕಾದ ಸಾಧನ ಕೊಟ್ಟಿದ್ದರು. ಅದೂ ದೊಡ್ಡ ಸೇವೆಯೇ.

ಐದನೆಯದು, ಲೆಕ್ಕಕ್ಕೇ ಸಿಗದ ಪ್ರಭಾವ. ಸಿ.ವಿ. ರಾಮನ್ 1928ರಲ್ಲಿ ತಮ್ಮ ಶೋಧವನ್ನು ‘ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್’ನಲ್ಲಿ ಪ್ರಕಟಿಸಿದರು. ಇಂದು ರಾಮನ್ ರೋಹಿತವಿಲ್ಲದ ರಸಾಯನಶಾಸ್ತ್ರ ಪ್ರಯೋಗಶಾಲೆಯನ್ನು ಊಹಿಸುವುದು ಕಷ್ಟ. ಆದರೆ ಅದನ್ನು ಬಳಸುವವರಲ್ಲಿ ಬಹುಪಾಲು ಜನ ಮೂಲ ಪೇಪರನ್ನು ಉಲ್ಲೇಖಿಸುವುದಿಲ್ಲ; ‘ರಾಮನ್’ ಎಂದರೆ ಸಾಕು. 1963ರಲ್ಲಿ ಮದ್ರಾಸಿನಲ್ಲಿ ಜಿ.ಎನ್. ರಾಮಚಂದ್ರನ್ ಮತ್ತು ಸಂಗಡಿಗರು ರೂಪಿಸಿದ, ಪ್ರೊಟೀನ್ ರಚನೆ ಸರಿಯೇ ಎಂದು ಪರೀಕ್ಷಿಸುವ ‘ರಾಮಚಂದ್ರನ್ ನಕ್ಷೆ’ಯ ಕತೆಯೂ ಇದೇ. ಕೆಲಸ ಪಠ್ಯಪುಸ್ತಕ ಸೇರಿದಾಗ ಉಲ್ಲೇಖ ನಿಲ್ಲುತ್ತದೆ, ಪ್ರಭಾವ ನಿಲ್ಲುವುದಿಲ್ಲ.

2002ರ ರಸಾಯನಶಾಸ್ತ್ರ ನೊಬೆಲ್ ಪಡೆದವರಲ್ಲಿ ಒಬ್ಬರಾದ ಜಪಾನಿನ ಕೊಯಿಚಿ ತನಾಕಾ ಅವರನ್ನೂ ನೆನೆಯಿರಿ. ಶಿಮಾಡ್ಜು ಕಂಪನಿಯ ಎಂಜಿನಿಯರ್ ಅವರು, ಪಿಎಚ್.ಡಿ. ಇರಲಿಲ್ಲ. ಪ್ರೊಟೀನಿನಂಥ ದೊಡ್ಡ ಅಣುಗಳನ್ನು ಒಡೆಯದೆ ಲೇಸರ್‌ನಿಂದ ಆವಿಯಾಗಿಸಿ ಅವುಗಳ ತೂಕ ಕಂಡುಹಿಡಿಯಲು ದಾರಿ ಮಾಡಿದರು. ಎಚ್-ಇಂಡೆಕ್ಸ್ ನೋಡಿ ಆರಿಸುವವರ ಕಣ್ಣಿಗೆ ಅವರು ಬೀಳುತ್ತಿರಲಿಲ್ಲ.

ಅಳತೆಯೇ ಗುರಿಯಾದಾಗ

ನಮ್ಮ ದೇಶದ ಅನುಭವವನ್ನೂ ಹೇಳಬೇಕು. ವಿಶ್ವವಿದ್ಯಾಲಯ ಅನುದಾನ ಆಯೋಗ 2010ರಲ್ಲಿ ಅಧ್ಯಾಪಕರ ನೇಮಕಾತಿ, ಬಡ್ತಿಗೆ ಪ್ರಕಟಣೆಗಳನ್ನು ಅಂಕಗಳಾಗಿ ಎಣಿಸುವ ನಿಯಮ ತಂದಿತು. ಬರೆದವರಿಗೆ ಮನ್ನಣೆ ಸಿಗಲೆಂಬುದು ಆಶಯ. ಆದರೆ ಪೇಪರಿನ ಸಂಖ್ಯೆಯೇ ಬಡ್ತಿಯ ದಾರಿಯಾದಾಗ, ಹಣ ಪಡೆದು ಪರಿಶೀಲನೆಯಿಲ್ಲದೆ ಅಚ್ಚು ಹಾಕುವ ನಕಲಿ ಜರ್ನಲ್‌ಗಳು ಹುಟ್ಟಿಕೊಂಡವು. ಅವುಗಳನ್ನು ತಡೆಯಲು ಆಯೋಗ 2018ರಲ್ಲಿ ಮಾನ್ಯ ಜರ್ನಲ್‌ಗಳ ಪಟ್ಟಿ ಸಿದ್ಧಪಡಿಸಲು ಹೊರಡಬೇಕಾಯಿತು. ಬೋಧನೆ ಹೊತ್ತುಕೊಂಡ, ಉಪಕರಣಗಳಿಲ್ಲದ ಕಾಲೇಜಿನ ಅಧ್ಯಾಪಕರನ್ನು ದೊಡ್ಡ ಸಂಸ್ಥೆಯ ಸಂಶೋಧಕರ ಅಳತೆಗೋಲಿನಿಂದಲೇ ಅಳೆದದ್ದರಿಂದ ಆದ ಹಾನಿ ನನಗೆ ನೋವು ತರುತ್ತದೆ.

ಶೇ 2ರ ಪಟ್ಟಿಯ ವಿಷಯಕ್ಕೆ ಬರೋಣ. ಸ್ಟ್ಯಾನ್‌ಫರ್ಡ್‌ನ ಜಾನ್ ಐಯೊನಿಡಿಸ್ ಮತ್ತು ಸಹೋದ್ಯೋಗಿಗಳು ಸ್ಕೋಪಸ್ ದತ್ತಾಂಶ ಬಳಸಿ 2019ರಿಂದ ಇದನ್ನು ಸಿದ್ಧಪಡಿಸುತ್ತಿದ್ದಾರೆ. ಒಟ್ಟು ಉಲ್ಲೇಖ, ಎಚ್-ಇಂಡೆಕ್ಸ್, ಲೇಖಕರ ಸಾಲಿನಲ್ಲಿ ಹೆಸರಿನ ಸ್ಥಾನ ಮೊದಲಾದ ಆರು ಅಂಶಗಳನ್ನು ಸೇರಿಸಿ ಅಂಕ ಕೊಡುತ್ತಾರೆ. ಇಡೀ ವೃತ್ತಿಜೀವನಕ್ಕೆ ಒಂದು, ಒಂದು ವರ್ಷಕ್ಕೆ ಇನ್ನೊಂದು ಪಟ್ಟಿಯಿದೆ. ಇದು ಪ್ರಶಸ್ತಿಯಲ್ಲ, ಯಾರೂ ಇದಕ್ಕಾಗಿ ಪೇಪರುಗಳನ್ನು ಓದಿ ತೀರ್ಮಾನಿಸಿಲ್ಲ. ಸುದ್ದಿ ಓದುವಾಗ ಯಾವ ಪಟ್ಟಿ ಎಂದು ಕೇಳಿ.

ಜಗತ್ತು ಎಚ್ಚೆತ್ತುಕೊಂಡಿದೆ. 2012ರ ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆ, ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರನ್ನು ವ್ಯಕ್ತಿಗಳ ಮೌಲ್ಯಮಾಪನಕ್ಕೆ ಬಳಸಬೇಡಿ ಎಂದಿತು. 2015ರ ಲೈಡನ್ ಪ್ರಣಾಳಿಕೆಯ ಹತ್ತು ಸೂತ್ರಗಳಲ್ಲಿ ಮೊದಲನೆಯದು: ಸಂಖ್ಯೆ ತಜ್ಞರ ವಿವೇಚನೆಗೆ ಆಸರೆಯಾಗಬೇಕು, ಅದರ ಜಾಗವನ್ನು ಆಕ್ರಮಿಸಬಾರದು. ತಮ್ಮ ಅಳತೆಯಿಂದ ತೀವ್ರ ದುಷ್ಪರಿಣಾಮಗಳೂ ಆಗಬಹುದೆಂದು ಹಿರ್ಶ್ ಅವರೂ 2020ರಲ್ಲಿ ಬರೆದರು.

ನೀವೇ ಮಾಡಿ ನೋಡಿ

ನಿಮಗೆ ಪರಿಚಯವಿರುವ ಒಬ್ಬ ರಸಾಯನಶಾಸ್ತ್ರ ಸಂಶೋಧಕರನ್ನು ಆರಿಸಿಕೊಳ್ಳಿ. ಮೊದಲು ಹೆಸರು ಖಚಿತಪಡಿಸಿಕೊಳ್ಳಿ, ‘ಎಸ್. ಕುಮಾರ್’ ಎಂಬ ಹೆಸರಿನಲ್ಲಿ ನೂರಾರು ಜನ ಬರೆಯುತ್ತಾರೆ. ಇದಕ್ಕಾಗಿಯೇ 2012ರಿಂದ ‘ಆರ್ಕಿಡ್’ ಎಂಬ 16 ಅಂಕಿಗಳ ಗುರುತಿನ ಸಂಖ್ಯೆಯನ್ನು ಸಂಶೋಧಕರಿಗೆ ಕೊಡಲಾಗುತ್ತಿದೆ. ನಂತರ ಗೂಗಲ್ ಸ್ಕಾಲರ್ ತೆರೆದು, ದಿನಾಂಕ ಬರೆದುಕೊಂಡು, ಅವರ ಪೇಪರುಗಳನ್ನು ಉಲ್ಲೇಖದ ಕ್ರಮದಲ್ಲಿ ನೋಡಿ. ಎಚ್-ಇಂಡೆಕ್ಸನ್ನು ನೀವೇ ಎಣಿಸಿ. ಮೇಲಿನ ಐದರಲ್ಲಿ ಸಮೀಕ್ಷೆಗಳೆಷ್ಟು, ವಿಧಾನಗಳೆಷ್ಟು, ಅವರ ಹೆಸರು ಸಾಲಿನಲ್ಲಿ ಎಲ್ಲಿದೆ ಎಂದು ಗುರುತಿಸಿ. ಆಮೇಲೆ ಒಂದು ಪೇಪರನ್ನು ಉಲ್ಲೇಖಿಸಿದ ಹೊಸ ಪೇಪರುಗಳಲ್ಲಿ ಎರಡನ್ನು ತೆರೆದು, ಅವರು ಇವರಿಂದ ಪಡೆದದ್ದೇನು ಎಂಬ ಒಂದು ವಾಕ್ಯ ಹುಡುಕಿ. ವಿಧಾನವೇ, ವಸ್ತುವೇ, ಕಲ್ಪನೆಯೇ, ಅಥವಾ ಬರೀ ಪೀಠಿಕೆಯಲ್ಲಿ ಹೋದ ಹೆಸರೇ?

ಆ ಒಂದು ವಾಕ್ಯ ಸಿಕ್ಕಾಗ ಸಂಶೋಧಕರ ಪ್ರಭಾವ ಎಂದರೇನೆಂದು ನಿಮಗೆ ಅರ್ಥವಾಗುತ್ತದೆ. ಸಂಖ್ಯೆಗಳಿಂದ ಆರಂಭಿಸಿ, ತಪ್ಪಿಲ್ಲ. ಆದರೆ ಯಾರ ಕೆಲಸವನ್ನೂ ಅದರ ಒಂದು ಪೇಪರನ್ನಾದರೂ ಓದದೆ ತೂಗಬೇಡಿ. ಆಯ್ಕೆ ಸಮಿತಿಯಲ್ಲಿ ಕೂರುವ ದಿನ ನಿಮಗೆ ಬಂದರೆ, ಇದೊಂದನ್ನು ಮರೆಯಬೇಡಿ.